ಜಾಲಕಗಣಿತವೂ ಹೇಡ್ರಾನುಗಳ ಸಂಘಟ್ಟನೆಯೂ

ಪ್ರೋಟಾನು, ನ್ಯೂಟ್ರಾನು, ಪಯಾನು ಮೊದಲಾದ ಕಣಗಳಿಗೆ ಹೇಡ್ರಾನುಗಳೆಂದು ಹೆಸರು. ಇವು ಕ್ವಾರ್ಕುಗಳಿಂದಾದವು. ಕ್ವಾರ್ಕುಗಳನ್ನು ಬಂಧಿಸುವ ಬಲವನ್ನು ನಿರೂಪಿಸುವ ಶಾಸ್ತ್ರವೇ ಕ್ವಾಂಟಂ ಕ್ರೋಮೊಡೈನಮಿಕ್ಸ್. ಇದರ ಮೂಲಸೂತ್ರವು ಸಂಕ್ಷಿಪ್ತವಾದರೂ, ಎರಡು ಹೇಡ್ರಾನುಗಳು ಸಂಧಿಸಿದಾಗ ಆಗುವುದೇನೆಂಬುದನ್ನು ಅದರಿಂದ ತೆಗೆಯುವುದು ಕಷ್ಟಸಾಧ್ಯ. ಅಲ್ಪಶಕ್ತಿಯಲ್ಲಿ ಆ ಬಲವು ಅತಿ ಪ್ರಬಲವಾಗುವುದೇ ಇದಕ್ಕೆ ಕಾರಣ.

1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ನರು ಇದಕ್ಕೊಂದು ಉಪಾಯವನ್ನು ತೋರಿಸಿದರು. ದೇಶಕಾಲಗಳನ್ನು ಬಿಡಿಬಿಡಿಯಾದ ಬಿಂದುಗಳ ಜಾಲಕವೆಂದು ಭಾವಿಸಿದರೆ ಗಣಕಯಂತ್ರದಿಂದ ಲೆಕ್ಕಮಾಡಬಹುದು. ಆದರೆ ಈ ಗಣನೆಗಾಗಿ ಕಾಲವನ್ನು ಕಾಲ್ಪನಿಕಸಂಖ್ಯೆಯ ರೂಪಕ್ಕೆ ತಿರುಗಿಸಬೇಕಾಗುವುದು. ಕಣಗಳು ಬಂದು, ತಾಗಿ, ಅಗಲಿಹೋಗುವ ವ್ಯಾಪಾರವು ಅಂತಹ ಕಾಲದಲ್ಲಿ ಪ್ರತ್ಯಕ್ಷವಾಗದು. ವಿಸ್ತಾರವು ಅನಂತವಾದಾಗ ಸಾಮಾನ್ಯವಾಗಿ ಈ ಮಾರ್ಗದಿಂದ ಸಂಘಟ್ಟನೆಯು ನೇರವಾಗಿ ದೊರೆಯದೆಂದು 1990ರಲ್ಲಿ ಮಯಾನಿ, ಟೆಸ್ಟ ಎಂಬ ವಿದ್ವಾಂಸರು ತೋರಿಸಿದರು.

ಪ್ರತ್ಯಕ್ಷವಿಲ್ಲದೆಡೆ ಅನುಮಾನವೇ ಗತಿ. ಅದಕ್ಕೆ ಬೇಕಾದ ವ್ಯಾಪ್ತಿಯನ್ನು ಮಾರ್ಟಿನ್ ಲ್ಯೂಷರರು 1986ರಲ್ಲಿಯೂ 1991ರಲ್ಲಿಯೂ ಸ್ಥಾಪಿಸಿದರು. ಜಾಲಕವೆಂಬ ಪೆಟ್ಟಿಗೆಯ ಬಾಹು ಪ್ರೋಟಾನಿನ ವ್ಯಾಸಕ್ಕಿಂತ ಕೆಲವೇ ಮಡಿ ದೊಡ್ಡದು. ಅದರೊಳಗಿನ ಎರಡು ಕಣಗಳು ಒಂದನ್ನೊಂದು ಬಿಟ್ಟು ದೂರ ಸರಿಯಲಾರವು. ಆದಕಾರಣ ಅವುಗಳ ಒಟ್ಟು ಶಕ್ತಿಯು, ಪರಸ್ಪರ ಸಂಬಂಧವಿಲ್ಲದಿದ್ದರೆ ಇರಬೇಕಾದ ಮೊತ್ತಕ್ಕಿಂತ ಕೊಂಚ ಏರುವುದು ಅಥವಾ ಇಳಿಯುವುದು. ಕಣಗಳು ನಿಶ್ಚಲಪ್ರಾಯವಾಗಿದ್ದಾಗ ಈ ವ್ಯತ್ಯಾಸವು ಸ್ಥೂಲವಾಗಿ ಬಾಹುವಿನ ಘನಕ್ಕೆ ವಿಲೋಮವಾಗಿರುವುದು. ವ್ಯತ್ಯಾಸವೇ ಲಿಂಗ, ಪ್ರಾವಸ್ಥಾಂತರ, ಎಂದರೆ ಸಂಘಟ್ಟನೆಯಿಂದ ಕಣತರಂಗವು ಸರಿಯುವ ಪರಿಮಾಣ, ಸಾಧ್ಯ. ಪೆಟ್ಟಿಗೆಯ ಇಕ್ಕಟ್ಟು ದೋಷವೆಂದಿದ್ದುದು ಇಲ್ಲಿ ಸಾಧನವಾಯಿತು.

ಎರಡು ಪಯಾನುಗಳ ವಿಷಯದಲ್ಲಿ ಈ ಅನುಮಾನವು ಸಫಲವಾಗಿದೆ. ಪ್ರಕೃತಿಯಲ್ಲಿ ಸುಮಾರು 770 ದಶಲಕ್ಷ ಎಲೆಕ್ಟ್ರಾನ್-ವೋಲ್ಟುಗಳಲ್ಲಿ ಕಾಣುವ ರೋ ಎಂಬ ಕ್ಷಣಿಕ ಕಣವು ಜಾಲಕದಲ್ಲಿಯೂ ಪ್ರಾವಸ್ಥಾಂತರವು 90 ಅಂಶಗಳನ್ನು ದಾಟುವೆಡೆ ವ್ಯಕ್ತವಾಗುವುದು.

ಪ್ರೋಟಾನು-ನ್ಯೂಟ್ರಾನುಗಳ ಜೋಡಿಯಲ್ಲಾದರೋ ತೊಡಕು ಹೆಚ್ಚು. ಇವೆರಡರ ಒಟ್ಟು ದ್ರವ್ಯರಾಶಿ ಸುಮಾರು 1,878 ದಶಲಕ್ಷ ಎಲೆಕ್ಟ್ರಾನ್-ವೋಲ್ಟು. ಡ್ಯೂಟೆರಾನಿನಲ್ಲಿ ಇವನ್ನು ಬಂಧಿಸುವ ಶಕ್ತಿಯೋ 2.2 ಮಾತ್ರ. ಜಾಲಕದಲ್ಲಿ ಕಾಲವು ಮುಂದುವರಿದಂತೆಲ್ಲ ಗಣನೆಯ ಅನಿಶ್ಚಯವು ಬಹುವೇಗವಾಗಿ ಬೆಳೆಯುವುದು. ಬೇಗನೆ ನಿಲ್ಲಿಸಿದರೆ ಮೇಲಣ ಶಕ್ತಿಸ್ಥಿತಿಗಳು ಬೆರೆತು, ಸ್ಥಿರಮೌಲ್ಯವೊಂದು ದೊರೆತಂತೆ ಭ್ರಾಂತಿಯಾಗುವುದು. ಪ್ರಕೃತಿಯಲ್ಲಿರುವುದಕ್ಕಿಂತ ಭಾರವಾದ ಕ್ವಾರ್ಕುಗಳನ್ನು ಕಲ್ಪಿಸಿ ನಡೆಸಿದ ಕೆಲವು ಗಣನೆಗಳಲ್ಲಿ ಬಲವಾದ ಬಂಧವು ಕಂಡುಬಂದಿತು; ಅನಂತರ ಬೇರೆ ಕ್ರಮದಿಂದ ನಡೆಸಿದ ಗಣನೆಗಳಲ್ಲಿ ಅದು ಕಾಣಲಿಲ್ಲ.

ಮಂಜನ್ನು ಹೊಗೆಯೆಂದು ಬಗೆದವನ ಅನುಮಾನದಲ್ಲಿ ವ್ಯಾಪ್ತಿಗೆ ದೋಷವಿಲ್ಲ, ಹೇತುವೇ ಅಸಿದ್ಧ. ಇಲ್ಲಿಯೂ ಅಂತೆಯೇ. ಲ್ಯೂಷರರ ಸೂತ್ರವು ಅಬಾಧಿತ. ವಿವಾದವೆಲ್ಲ ಪೆಟ್ಟಿಗೆಯಲ್ಲಿ ಕಂಡ ಶಕ್ತಿಯು ನಿಜವಾಗಿ ಆ ಜೋಡಿಯ ಶಕ್ತಿಯೇ ಹೌದೇ ಎಂಬಲ್ಲಿದೆ. ಹೇತುವು ಸಿದ್ಧವಾದ ಹೊರತು ಪರಮಾಣುಗರ್ಭದ ಬಲವನ್ನು ಮೂಲಸೂತ್ರದಿಂದ ಸಾಧಿಸಿದಂತಾಗದು.