ಹೈದರನ ಶಾಪ, ಕಿಪ್ಲಿಂಗನ ಕಥೆ, ಕಾರಾಪುರದ ಹುಡುಗ

ಕಾಕನಕೋಟೆಯ ಕಾಡಿನಲ್ಲಿ ಹೈದರಾಲಿಯ ಶಾಪ ಹೊತ್ತ ಕಲ್ಲೊಂದಿತ್ತು. ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯಲು ಹೊರಟ ಹೈದರ್ ಅಲ್ಲಿ ಸೋತ. ಇದು ಯಾರಿಂದಲೂ ಆಗದ ಕೆಲಸ, ಇದಕ್ಕೆ ಕೈಹಾಕಿದವನಿಗೆ ನನ್ನ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಬರೆಸಿದ. ಇದನ್ನು ದಾಖಲಿಸಿದವನು, ಸುಮಾರು ನೂರು ವರ್ಷಗಳ ನಂತರ ಅದೇ ಕೆಲಸಕ್ಕೆ ಕೈಹಾಕಿದ ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಆ ಕಲ್ಲು ತನ್ನ ಕಾಲದಲ್ಲೂ ನಿಂತಿತ್ತು ಎಂದು ಅವನು 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಭಾರತದ ಕಾಡುಮೃಗಗಳ ನಡುವೆ ತಾನು ಕಳೆದ ಹದಿಮೂರು ವರ್ಷಗಳ ಕಥೆ ಅದು. ಆ ಪುಸ್ತಕ ನಮ್ಮ ಕಾಡಿನಿಂದ ಹೊರಟು, ಇಂಗ್ಲೆಂಡಿನ ಮಕ್ಕಳ ಕಥೆಯೊಳಗೆ ಹೊಕ್ಕು, ಕೊನೆಗೆ ಸಿನಿಮಾ ಆಗಿ ಕಾಕನಕೋಟೆಗೇ ಮರಳಿ ಬಂದ ದಾರಿ ವಿಸ್ಮಯಕರವಾದದ್ದು.

ಸ್ಯಾಂಡರ್ಸನ್ 1864ರಲ್ಲಿ ಹದಿನಾರರ ಹುಡುಗನಾಗಿ ಭಾರತಕ್ಕೆ ಬಂದ. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮೊದಲು ಕನ್ನಡ ಕಲಿತ, ಆಮೇಲೆ ಸರ್ಕಾರಿ ನೌಕರಿ ಹಿಡಿದ. ಕಾಲುವೆಗಳ ಉಸ್ತುವಾರಿ ಅವನ ಕೆಲಸ, ಕಾಡು ಅವನ ಹುಚ್ಚು. ಆ ಕಾಲದಲ್ಲಿ ಬೇಟೆಯ ಪುಸ್ತಕ ಬರೆಯದ ಬ್ರಿಟಿಷ್ ಅಧಿಕಾರಿಯೇ ಅಪರೂಪ. ಇಂಥ ಕಡೆ ಇಷ್ಟು ಹುಲಿ, ಅಂಥ ಕಡೆ ಇಷ್ಟು ಕಾಟಿ, ಚರ್ಮದ ಉದ್ದ ಇಷ್ಟು ಅಡಿ ಎಂದು ಲೆಕ್ಕ ಒಪ್ಪಿಸುವ ಆ ಪುಸ್ತಕಗಳಲ್ಲಿ ಹೆಚ್ಚಿನವನ್ನು ಇವತ್ತು ಓದಲಾಗದು. ಸ್ಯಾಂಡರ್ಸನ್ ಕೂಡ ಕೋವಿ ಕೆಳಗಿಟ್ಟವನಲ್ಲ. ಹುಲಿ, ಕಾಟಿ, ಕರಡಿ, ಆನೆ ಎಲ್ಲವನ್ನೂ ಹೊಡೆದ. ಆದರೂ ಅವನ ಪುಟಗಳನ್ನು ಇವತ್ತಿಗೂ ಓದಬಹುದು. ಕಾರಣ, ಅವನು ಗುಂಡು ಹಾರಿಸುವ ಮುಂಚೆ ಬಹಳ ಹೊತ್ತು ನೋಡುತ್ತಾನೆ. ಆನೆಗಳು ಮೇಯುವ ಹೊತ್ತು, ನಿದ್ದೆ, ಹಿಂಡಿಗೆ ದಾರಿ ತೋರುವ ಹೆಣ್ಣಾನೆ, ಮಳೆ ಬಿದ್ದಾಗ ಅವು ಹಿಡಿಯುವ ಜಾಡು ಎಲ್ಲವನ್ನೂ ಗಮನಿಸಿ ಬರೆದ. ಬೆಳೆ ತಿನ್ನುವ ಹಂದಿ, ಜಿಂಕೆಗಳನ್ನು ಹತೋಟಿಯಲ್ಲಿಡುವುದು ಹುಲಿ, ಅದನ್ನು ಬರೀ ಕೇಡಿನ ಪ್ರಾಣಿ ಎನ್ನುವುದು ತಪ್ಪು ಎಂದು ವಾದಿಸಿದ. ಹುಲಿ ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲದಲ್ಲಿ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು.

ಈ ನೋಟ ಅವನಿಗೆ ಒಬ್ಬನೇ ಅಲೆದು ದಕ್ಕಿದ್ದಲ್ಲ. ಚಾಮರಾಜನಗರದ ಸೀಮೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಅವನು ‘ಮೊರ್ಲೆ’ ಎಂದು ಬರೆದುಕೊಂಡ ಹಳ್ಳಿಯೊಂದರಲ್ಲಿ ಬಂಗಲೆ ಕಟ್ಟಿಕೊಂಡಿದ್ದ. ಬೆಟ್ಟದ ಸೋಲಿಗರ ಜೊತೆ ದುಭಾಷಿಯ ಹಂಗಿಲ್ಲದೆ ಕನ್ನಡದಲ್ಲೇ ಮಾತಾಡುತ್ತಿದ್ದ. ಮುರಿದ ಸೊಪ್ಪು, ಲದ್ದಿಯ ಬಿಸಿ, ಕೆಸರಿನಲ್ಲಿ ಮೂಡಿದ ಹೆಜ್ಜೆ ಇವನ್ನು ಓದಿ ಹೇಳಿದವರು ಅವರು.

1873ರಲ್ಲಿ ಸರ್ಕಾರ ಅವನಿಗೆ ಆನೆ ಹಿಡಿಯುವ ಕೆಲಸ ವಹಿಸಿತು. ಬಂಗಾಳದ ಕಡೆ ಇಡೀ ಹಿಂಡನ್ನು ಖೆಡ್ಡಾಕ್ಕೆ, ಅಂದರೆ ಆನೆ ಹಿಡಿಯುವ ದೊಡ್ಡಿಗೆ, ಕೆಡಹುವ ಪದ್ಧತಿ ಹಳೆಯದು. ಮೈಸೂರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಸ್ಯಾಂಡರ್ಸನ್‌ಗೂ ಗೊತ್ತಿರಲಿಲ್ಲ. ಅವನು ಕಾಕನಕೋಟೆಯ ಬದಲು ತನಗೆ ಅಂಗೈಯಷ್ಟು ಪರಿಚಯವಿದ್ದ ಮೊರ್ಲೆಯ ಸುತ್ತಲ ಕಾಡನ್ನೇ ಆರಿಸಿಕೊಂಡ. ಖೆಡ್ಡಾ ನಡೆಸಲು ಮೊದಲು ಹಿಂಡಿನ ಜಾಡು ಹಿಡಿಯಬೇಕು. ಆಮೇಲೆ ಸದ್ದಿಲ್ಲದೆ ನೂರಾರು ಜನ ಸುತ್ತುವರಿದು ಕಾವಲು ನಿಲ್ಲಬೇಕು. ರಾತ್ರಿಯಿಡೀ ಬೆಂಕಿ ಆರಬಾರದು. ಹಿಂಡು ಒಂದು ಕಡೆ ನುಗ್ಗಿದರೆ ಅಲ್ಲಿ ಬೊಬ್ಬೆ ಹಾಕಿ, ತಮಟೆ ಬಡಿದು, ಬೆದರು ಗುಂಡು ಹಾರಿಸಿ ಹಿಂದಕ್ಕೆ ಅಟ್ಟಬೇಕು. ಆ ವೇಳೆಗೆ ಒಳಗೆ ಕಂದಕ ತೋಡಿ, ದಿಮ್ಮಿಗಳನ್ನು ನೆಟ್ಟು ದೊಡ್ಡಿ ಸಿದ್ಧವಾಗಬೇಕು. ಹಿಂಡು ಒಳಹೊಕ್ಕ ಮೇಲೆ ಪಳಗಿದ ಕುಮ್ಕಿ ಆನೆಗಳ ಸರದಿ. ಅವು ಕಾಡಾನೆಯನ್ನು ಎರಡು ಕಡೆಯಿಂದ ಒತ್ತಿ ಹಿಡಿದಾಗ ಮಾವುತರು ನೆಲಕ್ಕಿಳಿದು ಅದರ ಹಿಂಗಾಲಿಗೆ ಹಗ್ಗ ಬಿಗಿಯುತ್ತಾರೆ. ಕುಮ್ಕಿ ಒಂದು ಹೆಜ್ಜೆ ತಪ್ಪಿದರೆ ಕೆಳಗಿದ್ದವನು ಉಳಿಯುವುದಿಲ್ಲ.

1874ರಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ದೊಡ್ಡಿಗೆ ಬಿತ್ತು. ಹೈದರನ ಮಾತು ಸುಳ್ಳಾಯಿತು. ಶಾಪ ತಟ್ಟಿದ್ದು ಆನೆಗಳಿಗೆ. ಹೀಗೆ ಹಿಡಿದ ಆನೆಗಳಲ್ಲಿ ಎಷ್ಟೋ ಪಳಗುವ ಮುಂಚೆಯೇ ಸತ್ತವು. ಆ ಯಾತನೆಯನ್ನು ಸಾಹಸದ ಕಥೆಯೊಳಗೆ ಮುಚ್ಚಿಡುವುದು ಸರಿಯಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಮೈಸೂರಿನ ಗೆಲುವು ಕಂಡ ಸರ್ಕಾರ ಅವನನ್ನು ಬಂಗಾಳಕ್ಕೆ ಕಳಿಸಿತು. ಢಾಕಾ, ಚಿತ್ತಗಾಂಗ್ ಗುಡ್ಡಗಳಲ್ಲಿ ಆನೆ ಹಿಡಿದ. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ನಡೆದ ಖೆಡ್ಡಾದ ಕಥನವನ್ನು ಬರೆದವನೂ ಇವನೇ. 1892ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡಾಗ ಅವನಿಗೆ ಐವತ್ತೂ ತುಂಬಿರಲಿಲ್ಲ.

ಅವನು ಸತ್ತ ಎರಡು ವರ್ಷಕ್ಕೆ, 1894ರಲ್ಲಿ, ರಡ್ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ ಬಂತು. ಮೌಗ್ಲಿಯ ಕಥೆಗಳ ಜೊತೆಗೆ ಅದರಲ್ಲಿ ತೂಮಾಯಿ ಎಂಬ ಮಾವುತನ ಮಗನ ಕಥೆಯೂ ಇದೆ. ಕಾಲಾ ನಾಗ್ ಎಂಬ ಮುದಿ ಆನೆಯ ಬೆನ್ನೇರಿ, ಯಾವ ಮನುಷ್ಯನೂ ಕಾಣದ ಆನೆಗಳ ನೃತ್ಯವನ್ನು ಕಂಡು ಬರುವ ಹುಡುಗ ಅವನು. ಅಲ್ಲಿ ಸರ್ಕಾರಕ್ಕಾಗಿ ಆನೆ ಹಿಡಿಯುವ, ಆನೆಯ ನಡತೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಪೀಟರ್ಸನ್ ಸಾಹೇಬನೊಬ್ಬ ಬರುತ್ತಾನೆ. ಅವನಿಗೆ ಸ್ಯಾಂಡರ್ಸನ್ನನೇ ಮಾದರಿ ಎಂದು ಕಿಪ್ಲಿಂಗನ ಬಗ್ಗೆ ಬರೆದವರು ಗುರುತಿಸಿದ್ದಾರೆ. ಕಿಪ್ಲಿಂಗ್ ಕಥೆಯನ್ನು ಈಶಾನ್ಯದ ಗಾರೋ ಗುಡ್ಡಗಳಲ್ಲಿ ನಡೆಸಿದ. ಮೈಸೂರು ಅಲ್ಲಿ ಕಾಣುವುದಿಲ್ಲ. ಆದರೆ ಕಿಪ್ಲಿಂಗ್ ಒಂದು ದೊಡ್ಡ ನ್ಯಾಯ ಮಾಡಿದ. ಕಥೆಯ ನಾಯಕ ಕೋವಿ ಹಿಡಿದ ಸಾಹೇಬನಲ್ಲ, ಮಾವುತನ ಮಗ. ಬೇಟೆಯ ಸಾಹಿತ್ಯದಲ್ಲಿ ಕಾಡಿನ ಜ್ಞಾನವೆಲ್ಲ ಮಾವುತರು, ಸೋಲಿಗರಂಥ ಜನರದ್ದು, ಮುಖಪುಟದ ಹೆಸರು ಮಾತ್ರ ದೊರೆಯದ್ದು. ಕಟ್ಟುಕಥೆಯೊಂದು ಅದನ್ನು ತಿರುವುಮುರುವು ಮಾಡಿತು.

ನಲವತ್ತು ವರ್ಷಗಳ ಮೇಲೆ ಆ ಕಥೆ ಊರಿಗೆ ಮರಳಿತು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅದನ್ನು ಸಿನಿಮಾ ಮಾಡಿಸಲು ಅಮೆರಿಕದ ರಾಬರ್ಟ್ ಫ್ಲಾಹರ್ಟಿಯನ್ನು 1935ರಲ್ಲಿ ಭಾರತಕ್ಕೆ ಕಳಿಸಿದ. ಫ್ಲಾಹರ್ಟಿ ಬೀಡುಬಿಟ್ಟಿದ್ದು ಮೈಸೂರಿನಲ್ಲಿ, ಮಹಾರಾಜರು ಬಿಟ್ಟುಕೊಟ್ಟ ಚಿತ್ತರಂಜನ ಮಹಲಿನಲ್ಲಿ. ಕಾಲಾ ನಾಗ್ ಆಗಿದ್ದು ಅರಮನೆಯ ಆನೆ ಐರಾವತ. ತೂಮಾಯಿಗಾಗಿ ಹುಡುಕುತ್ತಿದ್ದಾಗ ಆನೆ ಲಾಯದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಛಾಯಾಗ್ರಾಹಕ ಬೊರಡೇಲ್ ಕಣ್ಣಿಗೆ ಬಿದ್ದ. ಅವನೇ ಸಾಬು. ಎಚ್.ಡಿ. ಕೋಟೆ ಕಡೆಯ ಕಾರಾಪುರದವನು, ತಂದೆಯಿಲ್ಲದವನು, ನಿಜಕ್ಕೂ ಮಾವುತನ ಮಗ. ಕಿಪ್ಲಿಂಗ್ ಕಲ್ಪಿಸಿಕೊಂಡ ಹುಡುಗ ಸ್ಯಾಂಡರ್ಸನ್ ಆನೆ ಹಿಡಿದ ರಾಜ್ಯದಲ್ಲೇ ಹುಟ್ಟಿ ಬೆಳೆದಿದ್ದ. ಸಿನಿಮಾಕ್ಕೆ ಬೇಕಾದ ಖೆಡ್ಡಾ ದೃಶ್ಯಗಳೂ ನಮ್ಮ ಕಾಡಿನವೇ.

‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಫ್ಲಾಹರ್ಟಿ ಮತ್ತು ಅವನ ಜೊತೆ ಅದನ್ನು ನಿರ್ದೇಶಿಸಿದ ಜೋಲ್ಟಾನ್ ಕೊರ್ಡಾ ಇಬ್ಬರಿಗೂ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಸಾಬು ಊರು ಬಿಟ್ಟು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1942ರ ‘ಜಂಗಲ್ ಬುಕ್’ ಸಿನಿಮಾದಲ್ಲಿ ಮೌಗ್ಲಿಯಾದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹಾರಿ ಶೌರ್ಯದ ಪದಕ ಪಡೆದ. 1963ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೆ, ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ.

ಕನ್ನಡ ಓದುಗರಿಗೆ ಬೇಟೆಯ ಕಥೆ ಎಂದರೆ ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್. ಅದು ತೇಜಸ್ವಿಯವರ ಉಪಕಾರ. ಆಂಡರ್ಸನ್ ಕಥೆಗಳನ್ನು ಅವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಎಷ್ಟು ಸಲೀಸಾಗಿ ಕನ್ನಡದ್ದಾಗಿಸಿದರೆಂದರೆ, ಮುನಿಶಾಮಿಯೂ ಮಾಗಡಿ ಚಿರತೆಯೂ ನಮ್ಮ ಬಾಲ್ಯದ ನೆರೆಹೊರೆಯವರಾದರು. ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಈ ಮಣ್ಣಿನ ಬೇಟೆಗಾರನೇ ತನ್ನ ನುಡಿಯಲ್ಲಿ ಹೇಳಿದ ಅಪರೂಪದ ಪುಸ್ತಕ. ಕಾಕನಕೋಟೆಯ ಕಾಡುಕುರುಬರನ್ನು ಮಾಸ್ತಿಯವರು ನಾಟಕಕ್ಕೆ ತಂದರು. ಆಂಡರ್ಸನ್‌ಗಿಂತ ಮುಕ್ಕಾಲು ಶತಮಾನ ಮೊದಲು ಇದೇ ಕಾಡುಗಳ ಬಗ್ಗೆ ಬರೆದ ಸ್ಯಾಂಡರ್ಸನ್ ಮಾತ್ರ ನಮ್ಮ ಮಾತುಕತೆಯಲ್ಲಿ ಸುಳಿಯುವುದೇ ಇಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದು ಬಂದದ್ದು ಒಳ್ಳೆಯದೇ ಆಯಿತು, ಖೆಡ್ಡಾ ಮತ್ತೆ ಬೇಕೆಂದು ಯಾರೂ ಆಸೆಪಡಬೇಕಿಲ್ಲ. ಕಬಿನಿ ಅಣೆಕಟ್ಟು ಎದ್ದ ಮೇಲೆ ಆನೆಗಳನ್ನು ಅಟ್ಟುತ್ತಿದ್ದ ಬಯಲು ಹಿನ್ನೀರಿನಲ್ಲಿ ಮುಳುಗಿತು. ಇವತ್ತು ಕಾರಾಪುರ ಎಂದರೆ ಸಫಾರಿ ಜೀಪು, ರೆಸಾರ್ಟು, ಕ್ಯಾಮೆರಾ. ನನ್ನನ್ನು ಕಾಡುವುದು ಮುಳುಗಿದ ನೆಲವಲ್ಲ, ಬರೆಯದೆ ಬಿಟ್ಟ ಹೆಸರುಗಳು. ಖೆಡ್ಡಾ ನೋಡಲು ಬಂದ ರಾಜಕುಮಾರರು, ವೈಸ್‌ರಾಯರ ಹೆಸರು, ತಾರೀಖು, ಊಟದ ಪಟ್ಟಿ ಎಲ್ಲ ಉಳಿದಿದೆ. ರಾತ್ರಿಯಿಡೀ ಬೆಂಕಿ ಕಾಯ್ದ ಸೋಲಿಗರು, ಕುರುಬರು, ಆನೆಯ ಕಾಲಡಿ ನಿಂತು ಹಗ್ಗ ಬಿಗಿದ ಮಾವುತರು, ಕಾವಾಡಿಗಳಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಎಚ್.ಡಿ. ಕೋಟೆ, ಚಾಮರಾಜನಗರ, ಹುಣಸೂರು ಕಡೆಯ ಓದುಗರಲ್ಲಿ ಒಂದು ಕೋರಿಕೆ. 1971ರ ಖೆಡ್ಡಾದಲ್ಲಿ ಇಪ್ಪತ್ತರ ಹುಡುಗರಾಗಿ ದುಡಿದವರು ಈಗ ಎಪ್ಪತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ, ಹಾಡಿಯಲ್ಲಿ ಅಂಥವರಿದ್ದರೆ ಹತ್ತಿರ ಕೂತು ಕೇಳಿ. ಯಾರ ಜೊತೆ ಯಾರಿದ್ದರು, ಯಾವ ಆನೆಯನ್ನು ಯಾರು ಕಟ್ಟಿದರು, ಯಾರು ವಾಪಸು ಬರಲಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಬರೆದಿಡಿ. ಇದನ್ನು ಈ ವರ್ಷವೇ ಮಾಡಿ.