ಅಟ್ಟದಿಂದ ಇಳಿದ ಸಾಮಾನು

ಹೊಸೂರಿನಿಂದ ರಾಯಕೋಟೆಗೆ ಹೋಗುವ ಮಾರ್ಗದಲ್ಲಿರುವ ಉದ್ದನಪಲ್ಲಿಯ ಆಸುಪಾಸಿನಲ್ಲಿ, ರಾಗಿಯ ಒಕ್ಕಣೆ ತೀರಿ, ಹುಲ್ಲು ಬಣವೆಗೇರಿ, ಸಂಕ್ರಾಂತಿಗೆ ಇನ್ನು ಕೆಲವೇ ದಿನಗಳು ಉಳಿದಿರುವಾಗ, ಕಾರ್ಖಾನೆಗೆ ಹೋಗುವವರಿಗೂ ಶಾಲೆಗೆ ಹೋಗುವವರಿಗೂ ಒಟ್ಟಿಗೆ ಬಿಡುವು ದೊರೆಯುವ ಒಂದು ಭಾನುವಾರವನ್ನು ಗೊತ್ತುಮಾಡಿಕೊಂಡು, ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹರವಿ, ಧೂಳು ಹೊಡೆದು ಸುಣ್ಣ ಬಳಿಯುವ ಪದ್ಧತಿ ಇಂದಿಗೂ ಉಂಟು. ಪ್ರಯಾಣದಲ್ಲಿಯೂ ಸಿನಿಮಾದಲ್ಲಿಯೂ ದೊರೆಯದ ಒಂದು ವಿಧವಾದ ಸಂತೋಷವು ಇಂತಹ ದಿನಕ್ಕಿದೆ. ಕೈಗೆ ಎಡೆಬಿಡದ ಕೆಲಸ, ಮನಸ್ಸಿಗೆ ಸಂಪೂರ್ಣ ವಿರಾಮ. ತಲೆಗೆ ವಸ್ತ್ರವನ್ನು ಸುತ್ತಿಕೊಂಡು ಏಣಿ ಏರಿದವನನ್ನು ಯಾರೂ ಬೇರೊಂದು ಕೆಲಸಕ್ಕೆ ಕರೆಯುವಂತಿಲ್ಲ. ಮಧ್ಯಾಹ್ನದ ಮುದ್ದೆ ಹುರುಳಿಸಾರಿಗೆ ಅಂದು ಬರುವ ರುಚಿ ಬೇರೆ ದಿನಗಳಲ್ಲಿ ಬಾರದು.

ಅಟ್ಟದ ಮೇಲೆ ಸಾಮಾನು ಬೆಳೆಯುವುದು ಜಿಪುಣತನದಿಂದಲೆಂದು ಹೊಸ ತಲೆಮಾರಿನವರು ಆಕ್ಷೇಪಿಸುವುದನ್ನು ಕೇಳಿದ್ದೇನೆ, ಅದು ನ್ಯಾಯವಲ್ಲ. 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನದ ಜನರಲ್ಲಿ ಐದನೆಯ ಒಂದು ಪಾಲಿನಷ್ಟನ್ನು ಆಹುತಿ ತೆಗೆದುಕೊಂಡ ಮಹಾಕ್ಷಾಮವು, ಅಂದು ಈ ಪ್ರಾಂತವನ್ನು ಒಳಗೊಂಡಿದ್ದ ಸೇಲಂ ಜಿಲ್ಲೆಯನ್ನೂ ಬಿಡಲಿಲ್ಲ. ಆ ಬರವನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಮನೆಗಳು ಇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಹಿರಿದಾಗಿ ಹಗೇವನ್ನು ತೋಡಿ, ಒಳಗೆ ಹುಲ್ಲು ಹಾಸಿ, ಹುಳು ಹಿಡಿಯದ ರಾಗಿಯನ್ನು ವರ್ಷಗಟ್ಟಲೆ ಹೂತಿಡುತ್ತಿದ್ದ ಜನರಿಗೆ, ಇಡುವುದೆಂದರೆ ಬದುಕುವುದೆಂದೇ ಅರ್ಥವಾಗಿತ್ತು. ಮುಚ್ಚಳದ ಚಪ್ಪಡಿಯನ್ನು ಸರಿಸಿದೊಡನೆ ಹಗೇವಿನೊಳಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಕಾದು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು, ಅದು ನಂದದೆ ಉರಿದುದನ್ನು ಕಂಡ ತರುವಾಯವೇ ಮನುಷ್ಯನು ಇಳಿಯುತ್ತಿದ್ದುದು. ಕೂಡಿಟ್ಟುದನ್ನು ತೆರೆಯುವುದಕ್ಕೂ ಒಂದು ವಿವೇಕ ಬೇಕೆಂಬುದನ್ನು ಬಲ್ಲವರು ಅವರು.

ಹಗೇವುಗಳೇನೋ ಮುಚ್ಚಿಹೋದುವು. ಬಳ್ಳ, ಸೇರು, ಪಾವುಗಳು, ಮೆಟ್ರಿಕ್ ಮಾನವು ಅಂಗಡಿಗಳಿಗೆ ಬಂದ 1960ರ ದಶಕದಲ್ಲಿ ತಮ್ಮ ಅಧಿಕಾರವನ್ನು ಕಳೆದುಕೊಂಡು, ಅಟ್ಟವನ್ನು ಸೇರಿದುವು. ಅವುಗಳ ಪಕ್ಕದಲ್ಲಿ ಈಗ ಬೇರೊಂದು ಸಂತತಿ ಕುಳಿತಿದೆ: ಟೊಮೇಟೊ ಮಂಡಿಯಿಂದ ಬಂದು ಹಿಂದಿರುಗದ ಒಡಕು ಕ್ರೇಟುಗಳು, ಹರಿದ ಮಲ್ಚಿಂಗ್ ಶೀಟು, ಸುರುಳಿ ಸುತ್ತಿದ ಡ್ರಿಪ್ ಪೈಪು, ಮತ್ತು ಸರಕಾರದ ಔದಾರ್ಯ. 2006ರಲ್ಲಿ ತಮಿಳುನಾಡು ಸರಕಾರವು ಉಚಿತವಾಗಿ ಹಂಚತೊಡಗಿದ ಬಣ್ಣದ ಟಿವಿ, 2011ರಲ್ಲಿ ಬಂದ ಇನ್ನೊಂದು ಸರಕಾರದ ಮಿಕ್ಸಿ, ಗ್ರೈಂಡರು, ಫ್ಯಾನು ಇವು ಕೆಟ್ಟು ಎಷ್ಟು ಕಾಲವಾದರೂ ಮನೆಯಿಂದ ಹೊರಡವು. ದುಡ್ಡು ಕೊಟ್ಟು ಕೊಂಡುದನ್ನು ನಿರ್ದಾಕ್ಷಿಣ್ಯವಾಗಿ ಎಸೆಯುವ ಗೃಹಿಣಿಯೂ ಪುಕ್ಕಟೆಯಾಗಿ ಬಂದುದನ್ನು ಎಸೆಯುವುದಕ್ಕೆ ಹಿಂಜರಿಯುವುದೇಕೆಂಬುದು ಅರ್ಥಶಾಸ್ತ್ರಜ್ಞರು ವಿಚಾರಿಸತಕ್ಕ ವಿಷಯ.

ಇಷ್ಟನ್ನೂ ಒಂದು ಹೊತ್ತಿನಲ್ಲಿ ವಿಂಗಡಿಸಬಹುದು. ದಿನವನ್ನೆಲ್ಲ ನುಂಗುವುದು ಕಾಗದ. ಹಳೆಯ ಮನೆಗಳಲ್ಲಿ ಬಂದ ಕಾಗದವನ್ನೆಲ್ಲ ಒಂದು ಕಬ್ಬಿಣದ ತಂತಿಗೆ ಚುಚ್ಚಿ ತೊಲೆಗೆ ನೇತುಹಾಕುತ್ತಿದ್ದರು. ಮೇಲಿನಿಂದ ಒಂದೊಂದನ್ನೇ ಬಿಡಿಸುತ್ತ ಬಂದರೆ, ಪ್ರತಿಯೊಂದರ ನಡುವೆಯೂ ತುಕ್ಕು ಸುತ್ತಿದ ಒಂದೇ ರಂಧ್ರ. ಮೇಲಿನ ಕಾರ್ಡುಗಳ ವಿಳಾಸದಲ್ಲಿ ಕೃಷ್ಣಗಿರಿ ಜಿಲ್ಲೆ, ಅವುಗಳ ಕೆಳಗೆ ಧರ್ಮಪುರಿ ಜಿಲ್ಲೆ, ತಳದಲ್ಲಿ ಸೇಲಂ ಜಿಲ್ಲೆ ಎಂದಿರುತ್ತದೆ. ಮನೆ ಅಲ್ಲಿಯೇ ಇದ್ದು, ಜಿಲ್ಲೆಯು 1965ರಲ್ಲೊಮ್ಮೆ, 2004ರಲ್ಲೊಮ್ಮೆ ಅದನ್ನು ಬಿಟ್ಟುಹೋಯಿತು. ಲಿಪಿಗಳ ವಿಚಾರವೂ ಹಾಗೆಯೇ. ತಾತನ ಕೈಸಾಲದ ಲೆಕ್ಕ ಕನ್ನಡದಲ್ಲಿ, ನಂಟರ ಲಗ್ನಪತ್ರಿಕೆ ತೆಲುಗಿನಲ್ಲಿ, ಪಟ್ಟಾ ತಮಿಳಿನಲ್ಲಿ, ಬ್ಯಾಂಕಿನ ನೋಟೀಸು ಇಂಗ್ಲಿಷಿನಲ್ಲಿ. 2006ರ ತಮಿಳು ಕಲಿಕೆಯ ಶಾಸನದ ತರುವಾಯ ಶಾಲೆಗೆ ಸೇರಿದ ಮಕ್ಕಳು ತಮಿಳನ್ನು ನಿರರ್ಗಳವಾಗಿ ಓದುವರು; ಅವರಲ್ಲಿ ಅನೇಕರಿಗೆ ಮನೆಯಲ್ಲಿ ಆಡುವ ಕನ್ನಡದ ಅಕ್ಷರ ಬಾರದು. ಅಜ್ಜಿಗಾದರೋ ಕನ್ನಡ ಬರುವುದು, ಪಟ್ಟಾದ ತಮಿಳು ಬಾರದು. ಆದಕಾರಣ ಅಜ್ಜಿಯೂ ಮೊಮ್ಮಗಳೂ ಒಂದೇ ಚಾಪೆಯ ಮೇಲೆ ಕುಳಿತಲ್ಲದೆ ಆ ತಂತಿಯನ್ನು ಬರಿದುಮಾಡಲಾಗದು.

“ಇದೇನಜ್ಜಿ, ಬರೀ ಗೀಟು?”

“ಗೀಟಲ್ಲ ಕಣಮ್ಮ, ಮುಕ್ಕಾಲಾಣೆ ಅದು. ಇಡು ಅತ್ತ, ಹಾಕಬೇಡ.”

ಈ ಮಾತುಗಳಿಗೆ ಅವಕಾಶವಿಲ್ಲದ ಮನೆಗಳಲ್ಲಿ ಕೆಲಸವನ್ನು ಬೆಂಕಿಗೆ ವಹಿಸುವರು. ಭೋಗಿಯ ಬೆಳಗಿನ ಜಾವದಲ್ಲಿ ಹಳೆಯ ಚಾಪೆ, ಮೊರ, ಪೊರಕೆಗಳನ್ನು ಸುಡುವುದು ಈ ನಾಡಿನ ಸಂಪ್ರದಾಯವೇ ಸರಿ. ಆದರೆ ಟಯರೂ ಪ್ಲಾಸ್ಟಿಕ್ಕೂ ಅದರೊಳಗೆ ಬೀಳತೊಡಗಿದ ಮೇಲೆ, 2018ರ ಭೋಗಿಯಂದು ಚೆನ್ನೈಯಲ್ಲಿ ಹೊಗೆಮಂಜು ಕವಿದು ವಿಮಾನಗಳು ಇಳಿಯಲಾರದೆ ಹೋದುವು. ಹೊಗೆಗಿಂತಲೂ ನನ್ನನ್ನು ಅಂಜಿಸುವುದು ಓದದೆ ಸುಡುವ ಅಭ್ಯಾಸ. ತಮಿಳಿನ ಪ್ರಾಚೀನ ಕಾವ್ಯಗಳನ್ನು ಉದ್ಧರಿಸಿದ ಉ. ವೇ. ಸ್ವಾಮಿನಾಥಯ್ಯರ್ ಅವರು, ತಾವು ಅರಸಿಕೊಂಡು ಹೋದ ಓಲೆಗ್ರಂಥಗಳು ತಾವು ತಲಪುವುದಕ್ಕೆ ಮೊದಲೇ ಅಗ್ನಿಯ ಪಾಲಾಗಿದ್ದ ವೃತ್ತಾಂತವನ್ನು ಬರೆದಿಟ್ಟಿದ್ದಾರೆ. ಅದೇ ಕಾಲದಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಗ್ರಂಥಲಿಪಿಯ ಓಲೆಕಟ್ಟೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟುದರಿಂದ, ಆ ಲಿಪಿಯನ್ನು ಓದಬಲ್ಲ ಆರ್. ಶಾಮಶಾಸ್ತ್ರಿಗಳು ಅಲ್ಲಿದ್ದುದರಿಂದ, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಅಚ್ಚಾಗಿ ಲೋಕಕ್ಕೆ ದೊರೆಯಿತು. ಉದ್ದನಪಲ್ಲಿಯ ಅಟ್ಟಗಳಲ್ಲಿ ಅರ್ಥಶಾಸ್ತ್ರವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಬಾವಿಯ ಪಾಲಿನ ಒಪ್ಪಂದ, ತೀರಿಸಿದ ಸಾಲದ ರಸೀತಿ, ಯಾವ ಮಳೆಗೆ ಯಾವ ಬೀಜ ಬಿತ್ತಿದರೆಂಬ ಟಿಪ್ಪಣಿ ಇವೆ. ಬಾವಿಯ ಪಾಲು ನ್ಯಾಯಾಲಯಕ್ಕೆ ಹೋದ ದಿನ ಆ ಚೀಟಿಗೆ ಬರುವ ಬೆಲೆ ಸಣ್ಣದಲ್ಲ.

ಸಂಜೆಯ ಹೊತ್ತಿಗೆ ಗುಜರಿಯವನ ಟೆಂಪೋ ಬಾಗಿಲಿಗೆ ಬರುತ್ತದೆ. ಕ್ರೇಟಿಗೊಂದು ದರ, ಪೈಪಿಗೊಂದು ದರ. ಟಿವಿಯನ್ನು ತಾಮ್ರಕ್ಕಾಗಿ ಮಾತ್ರ ತೆಗೆದುಕೊಳ್ಳುವೆನೆಂದು ಅವನೆನ್ನುವನು, ಅದು ಈಗಲೂ ಓಡೀತೆಂದು ಯಜಮಾನಿ ಎನ್ನುವಳು. ಹಿತ್ತಾಳೆಯ ಸೇರಿನ ಮೇಲೆ ಅವನ ಕಣ್ಣು ಬಿದ್ದಿರುವುದನ್ನು ಕಂಡು ಅಜ್ಜಿಯು ಅದನ್ನು ಮಡಿಲಿಗೆಳೆದುಕೊಂಡು ಕುಳಿತಿರುವಳು. ಲೆಕ್ಕ ಮುಗಿದು ಟೆಂಪೋ ಹೊರಟಾಗ ಅಂಗಳದಲ್ಲಿ ಉಳಿಯುವುದು ರಾಗಿ ಬೀಸುವ ಕಲ್ಲು. ಅದನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲವಾಗಿ, ಮನೆಯ ಗಂಡಸರಿಬ್ಬರು ಅದನ್ನು ಹಿತ್ತಿಲಿಗೆ ಉರುಳಿಸಿಕೊಂಡು ಹೋಗಿ, ಬಟ್ಟೆ ಒಗೆಯುವುದಕ್ಕಾದರೂ ಆಗುವುದೆಂದು ನಲ್ಲಿಯ ಕೆಳಗೆ ಹಾಕುವರು.