ಪಾಡಿಯ ಮಳೆದೇವರು, ಕಿಸೋ ಕಣಿವೆಯ ಹಾವು

ನಾಪೋಕ್ಲು ಪೇಟೆ ದಾಟಿ ಕಕ್ಕಬ್ಬೆ ಕಡೆಗೆ ಹೊರಟರೆ ಗದ್ದೆ ಬಯಲು ಹಿಂದೆ ಸರಿದು ರಸ್ತೆ ಕಾಫಿ ತೋಟಗಳ ನಡುವೆ ಏರತೊಡಗುತ್ತದೆ. ಎದುರಿಗೆ 1,748 ಮೀಟರ್ ಎತ್ತರದ ತಡಿಯಂಡಮೋಳ್. ಆ ಬೆಟ್ಟಸಾಲಿನ ಮಗ್ಗುಲಲ್ಲಿ ಪಾಡಿ ಎಂಬ ಊರು, ಅಲ್ಲಿ ಇಗ್ಗುತಪ್ಪ ದೇವಸ್ಥಾನ. ಕೊಡಗಿನವರಿಗೆ ಇದರ ಪರಿಚಯ ಬೇಕಿಲ್ಲ. ಹೊರಗಿನವರು ಮಾತ್ರ ಭಾಗಮಂಡಲದಲ್ಲಿ ಮಿಂದು, ತಲಕಾವೇರಿ ನೋಡಿ, ಅಲ್ಲಿಂದಲೇ ಹಿಂತಿರುಗಿಬಿಡುತ್ತಾರೆ. ಕಾವೇರಿಯನ್ನು ಅರಿಯಬೇಕೆನ್ನುವವರು ಪಾಡಿಗೂ ಬರಬೇಕು. ಕೊಡಗಿನಲ್ಲಿ ಹೊಳೆ ಕಾವೇರಮ್ಮನದಾದರೆ ಮಳೆ ಇಗ್ಗುತಪ್ಪನದು.

ಜನ ಹೇಳುವ ಕತೆ ಹೀಗಿದೆ. ಮಲಯಾಳ ಸೀಮೆಯ ಕಡಲ ಕಡೆಯಿಂದ ಆರು ಮಂದಿ ಅಣ್ಣತಮ್ಮಂದಿರೂ ಒಬ್ಬ ತಂಗಿಯೂ ನೆಲೆ ಹುಡುಕುತ್ತ ಬಂದರು. ಮೂವರು ಕೇರಳದಲ್ಲೇ ನಿಂತರು. ಉಳಿದವರಲ್ಲಿ ಪಾಲೂರಪ್ಪ ಪಾಲೂರಿನಲ್ಲಿ, ತಂಗಿ ತಂಗಮ್ಮ ಪೊನ್ನಂಗಾಲದಲ್ಲಿ ನೆಲೆಸಿದರು. ಪೆಮ್ಮಯ್ಯ ವಯನಾಡಿನ ತಿರುನೆಲ್ಲಿಗೆ ಹೋದ. ಇಗ್ಗುತಪ್ಪ ಮೊದಲು ಮಲ್ಮ ಬೆಟ್ಟದಲ್ಲಿದ್ದು ಆಮೇಲೆ ಪಾಡಿಗೆ ಇಳಿದ. ಮಳೆ ಬೆಳೆಯ ಹೊಣೆ ಅವನದಾಯಿತು. ಕೊಡಗಿನ ಅರಸ ಲಿಂಗರಾಜೇಂದ್ರ 1810ರಲ್ಲಿ ದೇವಸ್ಥಾನ ಕಟ್ಟಿಸಿದ. ಆದರೆ ದೇವರ ಅಧಿಕಾರ ಅರಸನಿಂದ ಬಂದದ್ದಲ್ಲ. ಇಂದಿಗೂ ಸುಗ್ಗಿ ಹಬ್ಬವಾದ ಹುತ್ತರಿಯ ದಿನ ಗೊತ್ತುಮಾಡುವುದು ಈ ಸನ್ನಿಧಿಯಲ್ಲೇ. ನಾಡಿನ ಮುಖ್ಯಸ್ಥರಾದ ತಕ್ಕರೆಲ್ಲ ಸೇರಿ ಕೂರುತ್ತಾರೆ, ಅಮ್ಮಂಗೇರಿ ಜ್ಯೋತಿಷ್ಯರು ರೋಹಿಣಿ ನಕ್ಷತ್ರ, ಹುಣ್ಣಿಮೆ ನೋಡಿ ಎಲೆಗಳ ನೆರೆ ಕಟ್ಟುವ, ಕದಿರು ತೆಗೆಯುವ, ಊಟ ಮಾಡುವ ಹೊತ್ತುಗಳನ್ನು ಹೇಳುತ್ತಾರೆ. ಮೊದಲ ಕದಿರು ಇಗ್ಗುತಪ್ಪನ ಗದ್ದೆಯದು. ಅದಾದ ಮೇಲೆಯೇ ನಾಡಿನ ಉಳಿದ ಗದ್ದೆಗಳಲ್ಲಿ ಕೋವಿಯ ಸದ್ದು, ಕುಡುಗೋಲು.

ಇಗ್ಗುತಪ್ಪನನ್ನು ಸುಬ್ರಹ್ಮಣ್ಯನೆಂದೇ ಪೂಜಿಸುತ್ತಾರೆ. ಸುಬ್ರಹ್ಮಣ್ಯನೆಂದರೆ ನಮ್ಮ ಸೀಮೆಯಲ್ಲಿ ನಾಗ. ತಮಿಳು ನಾಡಿನಲ್ಲಿ ಅವನು ವೇಲು ಹಿಡಿದ ಮುರುಗ. ಪುಷ್ಪಗಿರಿಯ ಆಚೆ ಮಗ್ಗುಲಿನ ಕುಕ್ಕೆಯಲ್ಲಿ ಗರುಡನಿಗೆ ಹೆದರಿ ಬಂದ ವಾಸುಕಿಗೆ ಆಶ್ರಯ ಕೊಟ್ಟ ದೇವರು ಅವನು. ಅಲ್ಲಿ ಹುತ್ತದ ಮಣ್ಣೇ ಪ್ರಸಾದ, ಪಕ್ಕದಲ್ಲಿ ಕುಮಾರಧಾರೆ ಹೊಳೆ. ಅದೇ ಬೆಟ್ಟಗಳ ಈಚೆಗೆ ಅವನು ಮಳೆ ಕೊಡುವವನಾದ. ನಾಗನೂ ನೀರೂ ಬೇರೆಬೇರೆಯಲ್ಲ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ಈ ತಿಳಿವಳಿಕೆ ಬಹಳ ದೂರ ಹೋಗಿದೆ. ಜಪಾನಿನ ಕ್ಯೋಟೋದಲ್ಲಿ ಶಿನ್‌ಸೆನ್‌ಎನ್ ಎಂಬ ಉದ್ಯಾನದ ಕೊಳವಿದೆ. 824ರ ಬರಗಾಲದಲ್ಲಿ ಕೂಕಾಯ್ ಎಂಬ ಬೌದ್ಧ ಗುರು ಅದರ ದಡದಲ್ಲಿ ಕೂತು ಮಳೆಗಾಗಿ ಪ್ರಾರ್ಥಿಸಿದನಂತೆ. ಆಗ ಬಂದದ್ದು ಜೆನ್ನ್ಯೋ ಎಂಬ ನಾಗರಾಜ. ಬಂದದ್ದು ಭಾರತದ ಕಡೆಯ ಅನವತಪ್ತ ಸರೋವರದಿಂದ ಎನ್ನುತ್ತದೆ ಐತಿಹ್ಯ. ಬೌದ್ಧ ಧರ್ಮದ ಜೊತೆ ನಮ್ಮ ನಾಗನೂ ಕಡಲು ದಾಟಿದ. ಆದರೆ ಅವನು ಹೋದ ನಾಡಿನಲ್ಲಿ ಹಾವುಗಳಿಗೇನೂ ಕೊರತೆ ಇರಲಿಲ್ಲ. 712ರಲ್ಲಿ ಬರೆದು ಮುಗಿಸಿದ ‘ಕೋಜಿಕಿ’ಯಲ್ಲೇ ಯಮಾತ ನೋ ಒರೋಚಿ ಇದೆ: ಎಂಟು ತಲೆ, ಎಂಟು ಬಾಲ, ಎಂಟು ಬೆಟ್ಟ ಎಂಟು ಕಣಿವೆಗೆ ಚಾಚಿದ ಮೈ, ಬೆನ್ನ ಮೇಲೆ ಪಾಚಿಯೂ ಮರಗಳೂ. ವರ್ಷಕ್ಕೊಂದು ಹೆಣ್ಣುಮಗಳನ್ನು ನುಂಗುತ್ತಿದ್ದ ಅದಕ್ಕೆ ಸುಸಾನೋ ದೇವರು ಎಂಟು ಬಾನಿ ಮದ್ಯ ಕುಡಿಸಿ ಕಡಿದ. ಕತೆ ನಡೆದದ್ದು ಇಜುಮೋ ಸೀಮೆಯ ಹೀ ಹೊಳೆಯ ಮೇಲ್ಭಾಗದಲ್ಲಿ. ಉಕ್ಕಿ ಬಂದು ಗದ್ದೆ ನುಂಗುವ ಆ ಹೊಳೆಯೇ ಒರೋಚಿ ಎಂದು ಓದುವ ವಿದ್ವಾಂಸರಿದ್ದಾರೆ. ಬೆನ್ನ ಮೇಲೆ ಮರ ಬೆಳೆದ ಹಾವೆಂದರೆ ಬೇರೇನಿರಲು ಸಾಧ್ಯ!

ನನ್ನನ್ನು ಹೆಚ್ಚು ತಟ್ಟಿದ್ದು ಮಾತ್ರ ಅದೇ ಜಪಾನಿನ ಕಿಸೋ ಕಣಿವೆ. ಕೊಡಗಿನ ಹಾಗೆಯೇ ಕಡಿದಾದ ಬೆಟ್ಟ, ಕಾಡು, ಬಿಡದ ಮಳೆ. ಅಲ್ಲಿ ಗುಡ್ಡ ಜರಿದು ಕೆಸರು ನೀರು ನುಗ್ಗಿ ಬಂದರೆ, ಬೆಟ್ಟದೊಳಗಿದ್ದ ಹೆಬ್ಬಾವು ಹೊರಗೆ ಹೊರಟಿತು ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಬಂದ ಎಚ್ಚರಿಕೆಗಳನ್ನು 1953ರ ಕುಸಿತದ ನೆನಪಿಗೆ ನಗಿಸೋ ಎಂಬ ಊರಿನಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ್ದಾರೆ. ದಿನಗಟ್ಟಲೆ ಮಳೆ ಸುರಿದ ಮೇಲೆ ತೋಡಿನ ನೀರು ಇದ್ದಕ್ಕಿದ್ದಂತೆ ನಿಂತರೆ ಅಪಾಯ. ಹಾವು ಬರುವ ಮುಂಚೆ ಸುಟ್ಟ ವಾಸನೆ ಬರುತ್ತದೆ. ಅದರ ನೀರು ಕಪ್ಪು. ಒಂದೊಂದೂ ಕಣ್ಣಾರೆ ಕಂಡ ವಿಷಯ: ಮೇಲೆ ಮಣ್ಣು ಕುಸಿದು ತೋಡಿಗೆ ಅಡ್ಡ ಬಿದ್ದಾಗಲೇ ಕೆಳಗೆ ನೀರು ನಿಲ್ಲುವುದು, ಆ ಒಡ್ಡು ಒಡೆದಾಗಲೇ ಎಲ್ಲವೂ ಒಟ್ಟಿಗೆ ಬರುವುದು. ದೈವದ ಹೆಸರಲ್ಲಿ ಜನ ಬೆಟ್ಟದ ಗುಣವನ್ನು ಮೊಮ್ಮಕ್ಕಳಿಗೆ ದಾಟಿಸಿದರು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜರಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಅರ್ಚಕರ ಮನೆಯನ್ನೇ ಎಳೆದುಕೊಂಡು ಹೋದದ್ದನ್ನು ಕಂಡವರಿಗೆ ಆ ಕಲ್ಲು ಏನು ಹೇಳುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಾಪೋಕ್ಲಿನವರಿಗಂತೂ ನೀರಿನ ನಡೆ ಬಾಯಿಪಾಠ. ಆಟಿಯ ಮಳೆ ಜೋರಾದರೆ ಬೊಳಿಬಾಣೆಯಲ್ಲಿ ಮೂರ್ನಾಡು ರಸ್ತೆಯ ಮೇಲೆ ಹೊಳೆ, ಚೆರಿಯಪರಂಬಿನಲ್ಲಿ ಹೊಳೆ, ಭಾಗಮಂಡಲದ ರಸ್ತೆಯ ಮೇಲೂ ನೀರು.

ನಮ್ಮ ಹಿರಿಯರು ಕಲ್ಲಿನಲ್ಲಿ ಬರೆಸಲಿಲ್ಲ, ಜಾಗವನ್ನೇ ಬಿಟ್ಟರು. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕಿರುವ ದೇವಕಾಡುಗಳು 1,214. ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. ಊರಿನ ಹಬ್ಬ ಹತ್ತಿರವಾದಾಗ ಕಟ್ಟು ಬೀಳುತ್ತದೆ. ಆಗ ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ. ಇವಲ್ಲದೆ ತೋಟದಂಚಿನಲ್ಲಿ, ಗದ್ದೆಯ ತಲೆಯಲ್ಲಿ ನಾಗನ ಕಲ್ಲುಗಳು. ಅಂಥ ಒಂದು ಕಡೆ ಸುಮ್ಮನೆ ನಿಂತು ನೋಡಿ: ಕಾಲಿಟ್ಟರೆ ತಗ್ಗುವ ತಣ್ಣನೆಯ ಮಣ್ಣು, ಹಾವಸೆ ಹಿಡಿದ ಕಲ್ಲಿನ ಹೆಡೆ, ಅದರ ಮೇಲೆ ಒಣಗಿದ ಅರಿಶಿನ, ಬೇರುಗಳ ನಡುವೆ ಜಿನುಗುವ ನೀರು. ನಾಗನಿಗೆಂದು ಬಿಟ್ಟ ಆ ತುಂಡು ನೆಲ ನೀರಿಗೆಂದೇ ಬಿಟ್ಟದ್ದು ಎಂದು ನಾನು ನಂಬುತ್ತೇನೆ. ಅದನ್ನು ಕಡಿದು, ಮಟ್ಟ ಮಾಡಿ ಮನೆಯನ್ನೋ ರೆಸಾರ್ಟನ್ನೋ ಏಳಿಸುವವರು ಸರ್ಪದೋಷಕ್ಕೆ ಹೆದರದಿದ್ದರೂ ಚಿಂತೆಯಿಲ್ಲ, ಒರತೆಗೆ ಹೆದರಲಿ.

ಪಾಡಿಗೆ ಹೋಗಬೇಕೆನ್ನುವವರಿಗೆ ಹುತ್ತರಿಗಿಂತ ಕಲ್ಲಾಡ್ಚ ಒಳ್ಳೆಯ ಸಮಯ. ಮಾರ್ಚ್‌ನಲ್ಲಿ ಬರುವ ಈ ಹಬ್ಬದಲ್ಲಿ ಎತ್ತುಗಳ ಬೆನ್ನ ಮೇಲೆ ಅಕ್ಕಿ ಹೇರಿಕೊಂಡು ಮನೆತನದವರು ದೇವಸ್ಥಾನಕ್ಕೆ ಬರುತ್ತಾರೆ, ಇದು ಎತ್ತುಪೋರಾಟ. ಹರಕೆ ಹೊತ್ತವರ ತುಲಾಭಾರ ನಡೆಯುತ್ತದೆ. ಆಮೇಲೆ ದೇವರ ಉತ್ಸವ ಮೂರ್ತಿ ತನ್ನ ಮೊದಲ ನೆಲೆಯಾದ ಮಲ್ಮ ಬೆಟ್ಟಕ್ಕೆ ಏರುತ್ತದೆ. ಜೊತೆಯಲ್ಲಿ ಕುಪ್ಯಚೇಲೆ ತೊಟ್ಟ ಗಂಡಸರು, ಕೊಡವ ಸೀರೆಯ ಹೆಂಗಸರು, ಮಕ್ಕಳು. ಕಾಫಿ ಗಿಡಗಳು ಮೊಗ್ಗು ಕಟ್ಟಿ ಹೂಮಳೆಗೆ ಕಾಯುವ ಕಾಲವದು. ಒಂದಿಂಚು ಬಿದ್ದರೆ ವರ್ಷದ ಫಸಲಿನ ಭರವಸೆ, ತಪ್ಪಿದರೆ ಪಂಪು, ಪೈಪು, ಡೀಸೆಲ್ ಲೆಕ್ಕ. ಆದ್ದರಿಂದ ಬೆಟ್ಟದ ಮೇಲೆ ಕೈಮುಗಿದವರ ಬೇಡಿಕೆ ಏನೆಂದು ಯಾರನ್ನೂ ಕೇಳಬೇಕಾಗಿಲ್ಲ.